ಕೊಡುವ ಕಾರಿಗೆ ಹೊಸ ಬ್ಯಾಟರಿ

ಡಿಸೆಂಬರ್ ಕೊನೆ ವಾರ ಬಂತೆಂದರೆ ನನಗೆ ಎರಡು ಮೂರು ಫೋನ್ ಬಂದೇ ಬರುತ್ತವೆ. ಎಲ್ಲರದೂ ಒಂದೇ ಪ್ರಶ್ನೆ. "ಹಳೇ ಕಾರೊಂದು ಮನೆ ಮುಂದೆ ಸುಮ್ನೆ ನಿಂತಿದೆ. ಮೂವತ್ತೊಂದರೊಳಗೆ ದಾನ ಕೊಟ್ಟುಬಿಟ್ಟರೆ ಟ್ಯಾಕ್ಸಲ್ಲಿ ಎಷ್ಟು ಉಳಿಯುತ್ತೆ?" ನಾನು ತೆರಿಗೆ ಲೆಕ್ಕ ಬರೆಯುವವಳಲ್ಲ. ಎರಡು ಸಲ ಕಾರು ಕೊಟ್ಟವಳು, ಅಷ್ಟೆ. ಒಂದು ಸಲ ತಪ್ಪಾಗಿ ಕೊಟ್ಟೆ. ಇನ್ನೊಂದು ಸಲ ಸರಿಯಾಗಿ ಕೊಟ್ಟೆ ಅಂತ ನಂಬಿದ್ದೇನೆ. ಇದನ್ನೆಲ್ಲ ಫೋನಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವಿರುವುದು ಮೇರಿಲ್ಯಾಂಡಿನಲ್ಲಿ, ಬಾಲ್ಟಿಮೋರಿಗೂ ವಾಷಿಂಗ್ಟನ್ನಿಗೂ ನಡುವೆ. ಅಮೆರಿಕದಲ್ಲಿ ಹಳೇ ಕಾರು ದಾನ ಕೊಡುವುದು ದೊಡ್ಡ ವ್ಯವಸ್ಥೆ. ರೇಡಿಯೋ ಹಾಕಿದರೆ ಅದೇ ಜಾಹೀರಾತು. ಸಾರ್ವಜನಿಕ ರೇಡಿಯೋ ಎನ್‌ಪಿಆರ್‌ನ ನಿಲಯಗಳು ಕೇಳುತ್ತವೆ. ಬಡವರಿಗೆ ಮನೆ ಕಟ್ಟಿಕೊಡುವ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಕೇಳುತ್ತದೆ. ಒಂದು ಫೋನ್ ಮಾಡಿದರೆ ಸಾಕು, ಟೋ ಟ್ರಕ್ ಮನೆ ಬಾಗಿಲಿಗೇ ಬರುತ್ತದೆ, ಪುಕ್ಕಟೆ. ಡಿಸೆಂಬರಿನಲ್ಲಿ ಈ ಕರೆ ಜಾಸ್ತಿಯಾಗುತ್ತದೆ. ಡಿಸೆಂಬರ್ 31ರೊಳಗೆ ಕಾರು ಕೈ ದಾಟಿದರೆ ಆ ವರ್ಷದ ತೆರಿಗೆ ಲೆಕ್ಕಕ್ಕೆ, ಜನವರಿ 1ಕ್ಕೆ ದಾಟಿದರೆ ಮುಂದಿನ ವರ್ಷದ್ದಕ್ಕೆ. ಒಂದು ರಾತ್ರಿಯ ವ್ಯತ್ಯಾಸ. ಆ ಒಂದು ರಾತ್ರಿಗೆ ಹೆದರಿಯೇ ನಾನು ಮೊದಲನೇ ತಪ್ಪು ಮಾಡಿದ್ದು.

ಅದು 2016. ನಮ್ಮ ಮೊದಲ ಕಾರು 2001ರ ಕ್ಯಾಮ್ರಿ. ಈ ದೇಶಕ್ಕೆ ಬಂದ ಹೊಸತರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು. ಆ ವರ್ಷ ಬೇಸಿಗೆಯಲ್ಲಿ ದೊಡ್ಡ ಗಾಡಿ ಕೊಂಡ ಮೇಲೆ ಕ್ಯಾಮ್ರಿ ಮೂಲೆ ಸೇರಿತ್ತು. ದೀಪಾವಳಿ ಊಟದಲ್ಲಿ ಪರಿಚಯದ ಹಿರಿಯರೊಬ್ಬರು ಹೇಳಿದರು, "ಮಾರೋ ತಲೆನೋವು ಯಾಕಮ್ಮ? ದಾನ ಕೊಟ್ಟು ಬ್ಲೂ ಬುಕ್ ಬೆಲೆ ಹಾಕ್ಕೊಳ್ಳಿ. ನಾವೆಲ್ಲ ಹಾಗೇ ಮಾಡಿದ್ದು." ಕೆಲ್ಲಿ ಬ್ಲೂ ಬುಕ್ ಅಂದರೆ ಇಲ್ಲಿ ಹಳೇ ಕಾರುಗಳ ಬೆಲೆ ನೋಡುವ ಪಟ್ಟಿ. ನೋಡಿದೆ. 2,800 ಡಾಲರ್ ಇತ್ತು. ಮೇರಿಲ್ಯಾಂಡಿನಲ್ಲಿ ಹಳೇ ಕಾರು ಕೊಂಡವರ ಹೆಸರಿಗೆ ಆಗಬೇಕಾದರೆ ರಾಜ್ಯದ ಸುರಕ್ಷತಾ ತಪಾಸಣೆ ಪಾಸಾಗಬೇಕು. ಅದಕ್ಕೆ ಓಡಾಡುವುದು ಯಾರು? ದಾನವೇ ಸುಲಭ ಅನ್ನಿಸಿತು.

ಸುಲಭ ಅನ್ನಿಸಿದ ಕೆಲಸವನ್ನು ಮುಂದೆ ಹಾಕುತ್ತಾ ಡಿಸೆಂಬರ್ 29 ಬಂತು. ಆವತ್ತು ಮಧ್ಯಾಹ್ನ ಕೂತು ಟೈಟಲ್ ಹುಡುಕಿದೆವು. ಟೈಟಲ್ ಅಂದರೆ ಕಾರು ನಮ್ಮದು ಅನ್ನುವ ಕಾಗದ, ನಮ್ಮೂರಿನ ಆರ್‌ಸಿ ಇದ್ದ ಹಾಗೆ. ಅದು ಸಿಕ್ಕಿತು. ಬ್ಯಾಂಕಿನವರು ಕೊಟ್ಟಿದ್ದ ಸಾಲ ತೀರಿದ ಪತ್ರ ಸಿಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ಪಾಸ್‌ಪೋರ್ಟ್ ಕವರಿನೊಳಗೆ ಸಿಕ್ಕಿತು. ಮರುದಿನ ಟೋ ಟ್ರಕ್ ಬಂತು. ಡ್ರೈವರ್ ಕೀ ತಿರುಗಿಸಿದ. ಟಿಕ್ ಟಿಕ್ ಅಂತು, ಅಷ್ಟೆ. ನಾಲ್ಕು ತಿಂಗಳು ನಿಂತು, ಆ ಚಳಿಗೆ ಬ್ಯಾಟರಿ ಕೂತುಬಿಟ್ಟಿತ್ತು. "ಜಂಪ್ ಕೊಟ್ಟರೆ ಸ್ಟಾರ್ಟ್ ಆಗುತ್ತೆ, ಗಾಡಿ ಚೆನ್ನಾಗಿದೆ" ಅಂದೆ. ಅವನಿಗೆ ಆವತ್ತು ಇನ್ನೂ ಆರು ಮನೆ ಇತ್ತಂತೆ. ಕೈಯಲ್ಲಿದ್ದ ಹಾಳೆಯಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ ನನ್ನಿಂದ ಸಹಿ ಮಾಡಿಸಿಕೊಂಡ. 'ಸ್ಟಾರ್ಟ್ ಆಗುವುದಿಲ್ಲ' ಅನ್ನುವ ಚೌಕ ಅದು. ನಾನು ಓದಿದೆ. ಓದಿಯೂ ಸಹಿ ಹಾಕಿದೆ. ಮೂವತ್ತೊಂದರೊಳಗೆ ಗಾಡಿ ಹೋದರೆ ಸಾಕಾಗಿತ್ತು ನನಗೆ.

ಫೆಬ್ರವರಿಯಲ್ಲಿ ಒಂದು ಕಾಗದ ಬಂತು. 1098-ಸಿ ಫಾರ್ಮ್, ಕಾರು ದಾನ ತೆಗೆದುಕೊಂಡ ಸಂಸ್ಥೆ ತೆರಿಗೆ ಲೆಕ್ಕಕ್ಕೆಂದು ಕಳಿಸುವ ಕಾಗದ. ಅದರಲ್ಲಿ 4ಸಿ ಅಂತ ಒಂದು ಚೌಕ. ಹರಾಜಿನಲ್ಲಿ ಗಾಡಿ ಎಷ್ಟಕ್ಕೆ ಹೋಯಿತು ಅಂತ ಅಲ್ಲಿ ಬರೆಯುತ್ತಾರೆ. 650 ಡಾಲರ್ ಅಂತ ಇತ್ತು.

ನಾನು ಲೆಕ್ಕ ಹಾಕಿಕೊಂಡಿದ್ದು 2,800. ಆದರೆ ಕಾನೂನಿನ ಪ್ರಕಾರ ನನಗೆ ಸಿಗುವ ಡಿಡಕ್ಷನ್, ಅಂದರೆ ಆದಾಯದಲ್ಲಿ ಕಳೆದು ತೋರಿಸಬಹುದಾದ ಮೊತ್ತ, 650 ಮಾತ್ರ. ಆ ಹಿರಿಯರು ಸುಳ್ಳು ಹೇಳಿರಲಿಲ್ಲ. ಅವರು ಕಾರು ಕೊಟ್ಟ ಕಾಲದಲ್ಲಿ ನಿಯಮ ಬೇರೆ ಇತ್ತು.

ಆ ನಿಯಮ ಯಾಕೆ ಬದಲಾಯಿತು ಅನ್ನುವುದನ್ನು ಸ್ವಲ್ಪ ಹೇಳಬೇಕು. ಮುಂಚೆ ಇಲ್ಲಿ ಕಾರು ಕೊಟ್ಟವರು ಬ್ಲೂ ಬುಕ್ ನೋಡಿ ತಾವೇ ಬೆಲೆ ಬರೆದುಕೊಳ್ಳುತ್ತಿದ್ದರು. ಸಂಸ್ಥೆಗೆ ನಿಜವಾಗಿ ಎಷ್ಟು ಬಂತು ಅಂತ ಯಾರೂ ಕೇಳುತ್ತಿರಲಿಲ್ಲ. 2003ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕ ತನಿಖೆಯ ಸಂಸ್ಥೆ ಜಿಎಒ ಇದನ್ನು ಕೆದಕಿ ನೋಡಿತು. 2000ನೇ ವರ್ಷ ಒಂದಕ್ಕೇ ಸುಮಾರು 7.33 ಲಕ್ಷ ಜನ ಕಾರು ದಾನದ ಡಿಡಕ್ಷನ್ ಕೇಳಿದ್ದರು. ಸರ್ಕಾರಕ್ಕೆ ತಪ್ಪಿದ ತೆರಿಗೆ ಅಂದಾಜು 65.4 ಕೋಟಿ ಡಾಲರ್. ಅವರು 54 ಗಾಡಿಗಳನ್ನು ಆರಿಸಿಕೊಂಡು ಒಂದೊಂದರ ಜಾಡು ಹಿಡಿದರು. ಮೂರರಲ್ಲಿ ಎರಡು ಪಾಲು ಗಾಡಿಗಳಲ್ಲಿ, ದಾನಿ ಬರೆದುಕೊಂಡ ಬೆಲೆಯ ಶೇ. 5 ಅಥವಾ ಅದಕ್ಕಿಂತ ಕಡಿಮೆ ಹಣ ಸಂಸ್ಥೆಗೆ ಮುಟ್ಟಿತ್ತು. ಒಂದು ಹಳೇ ಟ್ರಕ್ಕು ಹರಾಜಿನಲ್ಲಿ 375 ಡಾಲರಿಗೆ ಹೋಗಿತ್ತು. ಜಾಹೀರಾತು, ಅದು ಇದು ಖರ್ಚೆಲ್ಲ ಕಳೆದು ಸಂಸ್ಥೆಯ ಕೈಗೆ ಬಂದಿದ್ದು 31 ಡಾಲರ್ 50 ಸೆಂಟ್. ಈ ಒಂದು ಅಂಕಿ ಓದಿದಾಗ ನನಗೆ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ನಮ್ಮ ಕ್ಯಾಮ್ರಿಯ 650ರಲ್ಲಿ ಟೋ ಖರ್ಚು, ಹರಾಜಿನ ಖರ್ಚು, ನಡುವೆ ವ್ಯವಹಾರ ನಡೆಸಿದ ಕಂಪನಿಯ ಪಾಲು ಎಲ್ಲ ಹೋಗಿ ಕೊನೆಗೆ ಎಷ್ಟು ಉಳಿಯಿತೋ ನಾನು ಕೇಳಲೇ ಇಲ್ಲ.

2004ರಲ್ಲಿ ಕಾನೂನು ಬಂತು, 2005ರ ಜನವರಿಯಿಂದ ಜಾರಿಯಾಯಿತು. 500 ಡಾಲರಿಗಿಂತ ಜಾಸ್ತಿ ಕೇಳುವುದಾದರೆ, ಸಂಸ್ಥೆ ಗಾಡಿಯನ್ನು ಎಷ್ಟಕ್ಕೆ ಮಾರಿತೋ ಅಷ್ಟೇ ಡಿಡಕ್ಷನ್. ಬ್ಲೂ ಬುಕ್ ಏನೇ ಹೇಳಲಿ. 500 ಅಥವಾ ಅದಕ್ಕಿಂತ ಕಡಿಮೆಗೆ ಮಾರಿದರೆ 500, ಇಲ್ಲವೇ ಗಾಡಿಯ ನಿಜವಾದ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಜಾರಿಯಾದ ಆ ವರ್ಷವೇ ಕಾರಿನ ಡಿಡಕ್ಷನ್ ಕೇಳುವವರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಎಷ್ಟೋ ಜನ ಕೊಡುತ್ತಿದ್ದುದು ಯಾತಕ್ಕೆ ಅಂತ ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ? ನಾನೂ ಅವರಲ್ಲಿ ಒಬ್ಬಳೇ.

ಆ 650ರಿಂದ ನಮಗೆ ಉಳಿದದ್ದನ್ನೂ ಹೇಳುತ್ತೇನೆ. ಡಿಡಕ್ಷನ್ ಅಂದರೆ ಅಷ್ಟೂ ದುಡ್ಡು ವಾಪಸ್ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ತೆರಿಗೆ ಕಟ್ಟಬೇಕಾದ ಆದಾಯದಲ್ಲಿ ಅಷ್ಟು ಕಡಿಮೆಯಾಗುತ್ತದೆ, ಅಷ್ಟೆ. ನಾವು ಆಗ ಶೇ. 25ರ ಹಂತದಲ್ಲಿದ್ದೆವು. 650ಕ್ಕೆ 162 ಡಾಲರ್ ಚಿಲ್ಲರೆ ಉಳಿಯಿತು. ರಾಜ್ಯ ಮತ್ತು ಕೌಂಟಿಯ ತೆರಿಗೆಯಲ್ಲಿ ಇನ್ನೊಂದು 50 ಡಾಲರ್ ಹತ್ತಿರ. ಒಂದು ಹೊಸ ಬ್ಯಾಟರಿ ಹಾಕಿಸಿದ್ದರೆ ಕ್ಯಾಮ್ರಿ ಓಡುವ ಗಾಡಿಯಾಗಿ ಹರಾಜಿಗೆ ಹೋಗುತ್ತಿತ್ತು. ಇನ್ನಷ್ಟು ಬೆಲೆ ಬರುತ್ತಿತ್ತು. ಯಾರಾದರೂ ಅದನ್ನು ಓಡಿಸುತ್ತಿದ್ದರು. ಸ್ಟಾರ್ಟ್ ಆಗದ ಹದಿನೈದು ವರ್ಷದ ಗಾಡಿಯನ್ನು ಸಾಮಾನ್ಯವಾಗಿ ಯಾರು ಕೊಳ್ಳುತ್ತಾರೆ? ಬಿಚ್ಚಿ ಬಿಡಿಭಾಗ ಮಾರುವವರು. ಬಾಗಿಲು ಒಂದು ಕಡೆ, ಎಂಜಿನ್ ಇನ್ನೊಂದು ಕಡೆ. ಆ ಕಾರಿನಲ್ಲೇ ನನ್ನ ಮಗಳನ್ನು ಆಸ್ಪತ್ರೆಯಿಂದ ಮನೆಗೆ ತಂದಿದ್ದೆವು.

ಆ ಸಂಜೆ ನನಗೆ ನೆನಪಾಗಿದ್ದು ಅಪ್ಪನ ಸೈಕಲ್.

ನಮ್ಮೂರು ತಿಪಟೂರು. ಅಪ್ಪ ಮೇಷ್ಟ್ರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸ್ಕೂಟರ್ ತೆಗೆದುಕೊಂಡರು. ಆಮೇಲೆ ಅವರ ಕಪ್ಪು ಅಟ್ಲಾಸ್ ಸೈಕಲ್ಲು ಹಜಾರದ ಗೋಡೆಗೆ ಒರಗಿ ನಿಂತಿತು. ಅವರ ಹತ್ತಿರ ಓದಿದ ಹುಡುಗನೊಬ್ಬ ಕಾಲೇಜು ಸೇರಿದ್ದ. ಅವನ ಹಳ್ಳಿ ಊರಿನಿಂದ ಆರು ಮೈಲಿ ದೂರ. ಬೆಳಿಗ್ಗೆ ಬಸ್ಸು ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ನಡೆಯುತ್ತಿದ್ದ. ಸೈಕಲ್ ಅವನಿಗೆ ಕೊಡೋಣ ಅಂದರು ಅಪ್ಪ. ಅಮ್ಮ ಸರಿ ಅಂದಳು. ಮರುದಿನ ಅಪ್ಪ ಸೈಕಲ್ ತಳ್ಳಿಕೊಂಡು ಶಾಪಿಗೆ ಹೊರಟರು. ನಾನೂ ಜೊತೆಗೆ ಹೋದೆ.

ಅಲ್ಲಿ ಓವರಾಲ್ ಮಾಡಿಸಿದರು. ಶಾಪಿನವನು ಚೈನ್ ಬಿಚ್ಚಿ ಸೀಮೆಎಣ್ಣೆಯ ಡಬ್ಬದಲ್ಲಿ ಅದ್ದಿಟ್ಟ. ಬೇರಿಂಗ್ ಗುಂಡುಗಳನ್ನು ಬಟ್ಟೆಯ ಮೇಲೆ ಹರಡಿ ಒರೆಸಿದ. ಎರಡೂ ಟೈರು ಹೊಸದು ಹಾಕಿಸಿದರು ಅಪ್ಪ, ಟ್ಯೂಬ್ ಸಹಿತ. ಹಿಂದಿನ ಬ್ರೇಕಿಗೆ ಹೊಸ ರಬ್ಬರ್ ಹಾಕಿಸಿದರು. ಡೈನಮೋ ತಿರುಗಿಸಿ ದೀಪ ಹತ್ತುತ್ತಾ ಅಂತ ನೋಡಿದರು. ನಮ್ಮ ಮನೆಯಲ್ಲಿ ಆಗ ದುಡ್ಡು ಎಣಿಸಿ ಖರ್ಚು ಮಾಡುತ್ತಿದ್ದ ಕಾಲ. ನನಗೆ ಅರ್ಥವೇ ಆಗಲಿಲ್ಲ. "ಕೊಟ್ಟುಬಿಡೋ ಸೈಕಲ್ಲಿಗೆ ಹೊಸ ಟೈರ್ ಯಾಕಪ್ಪಾ?" ಅಂತ ಕೇಳಿದೆ.

"ಹಳೇ ಟೈರ್ ಇಟ್ಟು ಕೊಟ್ರೆ ನಾಳೆ ಅವನ ತಲೆ ಮೇಲೆ ಖರ್ಚು ಬೀಳುತ್ತೆ ಕಣಮ್ಮ. ಆಗ ನಾನು ಅವನಿಗೆ ಸೈಕಲ್ ಕೊಟ್ಟ ಹಾಗಲ್ಲ, ಸಾಲ ಕೊಟ್ಟ ಹಾಗಾಗುತ್ತೆ" ಅಂದರು.

ಇಷ್ಟೇ ಅವರು ಹೇಳಿದ್ದು. ಆಮೇಲೆ ಶಾಪಿನವನ ಹತ್ತಿರ ಗಾಳಿ ಹೊಡೆಯುವ ಪಂಪ್ ಈಸಿಕೊಂಡು ತಾವೇ ಎರಡೂ ಚಕ್ರಕ್ಕೆ ಹೊಡೆದು, ಹೆಬ್ಬೆರಳಿನಿಂದ ಒತ್ತಿ ನೋಡಿದರು.

ದಾನಕ್ಕೆ ಬಂದ ಆಕಳ ಹಲ್ಲು ಹಿಡಿದು ನೋಡಬಾರದು ಅನ್ನುವ ಮಾತಿದೆ ನಮ್ಮಲ್ಲಿ. ಅದು ತೆಗೆದುಕೊಳ್ಳುವವರಿಗೆ ಹೇಳಿದ್ದು. ಕೊಡುವವರು ಮಾತ್ರ ಹಲ್ಲು ಹಿಡಿದು ನೋಡಲೇಬೇಕು ಅಂತ ನನಗೆ ಅನ್ನಿಸುತ್ತದೆ. ನಚಿಕೇತನ ಕಥೆ ಶುರುವಾಗುವುದೂ ಅಲ್ಲೇ ಅಲ್ವಾ? ಅವನಪ್ಪ ಯಜ್ಞದಲ್ಲಿ ದಾನ ಕೊಡಲು ನಿಲ್ಲಿಸಿದ್ದು ಎಂಥ ಹಸುಗಳನ್ನು? ಕುಡಿಯುವ ನೀರೆಲ್ಲ ಕುಡಿದಾದ, ತಿನ್ನುವ ಹುಲ್ಲೆಲ್ಲ ತಿಂದಾದ, ಹಾಲು ಬತ್ತಿದ ಮುದಿ ಹಸುಗಳನ್ನು. ಅದನ್ನು ನೋಡಿ ಆ ಮಗುವಿಗೆ ಸುಮ್ಮನಿರಲು ಆಗಲಿಲ್ಲ.

ಎಂಟು ವರ್ಷ ಕಳೆಯಿತು. 2024ರಲ್ಲಿ ಎರಡನೇ ಕಾರಿನ ಸರದಿ ಬಂತು. 2009ರ ಕೊರೊಲ್ಲಾ, ಬೆಳ್ಳಿ ಬಣ್ಣ. ಓಡಿದ್ದು 1,42,000 ಮೈಲಿ. ಅದನ್ನು ಕೊಂಡಾಗ ಅಮ್ಮ ಇಲ್ಲಿಗೆ ಬಂದಿದ್ದಳು. ಲ್ಯಾನಮ್ಮಿನ ಶಿವ ವಿಷ್ಣು ದೇವಸ್ಥಾನದಲ್ಲಿ ಪೂಜೆ ಮಾಡಿಸಿದ್ದೆವು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಮಗಳು ಅದರಲ್ಲೇ ಡ್ರೈವಿಂಗ್ ಕಲಿತಳು. ಅವಳು ಕಾಲೇಜಿಗೆ ಹೋದ ಮೇಲೆ ಗಾಡಿ ವಾರಕ್ಕೊಮ್ಮೆಯೂ ಹೊರಗೆ ಹೋಗುತ್ತಿರಲಿಲ್ಲ.

ಈ ಸಲ ಮೊದಲು ತೆರಿಗೆ ಲೆಕ್ಕವನ್ನೇ ನೋಡಿದೆ, ಆಸೆಯನ್ನು ಅಲ್ಲಿಗೇ ಮುಗಿಸಿಬಿಡೋಣ ಅಂತ. 2018ರಿಂದ ಇಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಹೆಚ್ಚುಕಡಿಮೆ ಎರಡರಷ್ಟಾಗಿದೆ. ಏನೂ ಲೆಕ್ಕ ತೋರಿಸದೆ ಎಲ್ಲರಿಗೂ ಸಿಗುವ ಡಿಡಕ್ಷನ್ ಅದು. 2024ರಲ್ಲಿ ಗಂಡ ಹೆಂಡತಿ ಒಟ್ಟಿಗೆ ಸಲ್ಲಿಸಿದರೆ 29,200 ಡಾಲರ್. ಕಾರು ದಾನದ ಲಾಭ ಸಿಗಬೇಕಾದರೆ ಮನೆ ಸಾಲದ ಬಡ್ಡಿ, ರಾಜ್ಯದ ತೆರಿಗೆ, ದಾನ ಧರ್ಮ ಎಲ್ಲ ಸೇರಿ ಆ ಮೊತ್ತ ದಾಟಬೇಕು. ದಾಟಿದರೆ ಒಂದೊಂದನ್ನೂ ಪಟ್ಟಿ ಮಾಡಿ ತೋರಿಸುವುದು. ಇದಕ್ಕೇ ಐಟಮೈಸ್ ಮಾಡುವುದು ಅನ್ನುತ್ತಾರೆ. ರಾಜ್ಯದ ತೆರಿಗೆ ಆಸ್ತಿ ತೆರಿಗೆ ಎರಡೂ ಸೇರಿ 10,000ಕ್ಕಿಂತ ಹೆಚ್ಚು ತೋರಿಸುವ ಹಾಗಿರಲಿಲ್ಲ. ನಮ್ಮದೆಲ್ಲ ಕೂಡಿದರೂ 22,000 ಮುಟ್ಟಲಿಲ್ಲ. ಅಂದರೆ ಕೊರೊಲ್ಲಾ ಕೊಟ್ಟರೆ ನಮಗೆ ಉಳಿಯುವ ತೆರಿಗೆ ಸೊನ್ನೆ. ನಾವೊಬ್ಬರೇ ಅಲ್ಲ. ಈ ದೇಶದಲ್ಲಿ ಈಗ ಹತ್ತರಲ್ಲಿ ಸುಮಾರು ಒಂಬತ್ತು ಮನೆಗಳು ಐಟಮೈಸ್ ಮಾಡುವುದಿಲ್ಲ. ರೇಡಿಯೋದಲ್ಲಿ ಆ ಜಾಹೀರಾತು ಕೇಳುವವರಲ್ಲಿ ಹೆಚ್ಚಿನವರಿಗೆ ಕಾರು ಕೊಟ್ಟರೆ ತೆರಿಗೆಯಲ್ಲಿ ಒಂದು ಸೆಂಟೂ ಉಳಿಯುವುದಿಲ್ಲ. ಇದನ್ನು ನನಗೆ ಫೋನ್ ಮಾಡಿದ ಎಲ್ಲರಿಗೂ ಮೊದಲು ಹೇಳುತ್ತೇನೆ. ಬೇಜಾರಾದರೂ ಹೇಳುತ್ತೇನೆ.

ಈಗ ಕೇಳುವವರಿಗೆ ಇನ್ನೊಂದು ಮಾತು. 2025ಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ದಂಪತಿಗೆ 31,500 ಆಯಿತು. ಆದರೆ ರಾಜ್ಯದ ತೆರಿಗೆಯ ಮಿತಿ ಆ ವರ್ಷ 10,000ದಿಂದ 40,000ಕ್ಕೆ ಏರಿತು. ಮೇರಿಲ್ಯಾಂಡ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಂಥ ಕಡೆ ದೊಡ್ಡ ಸಂಬಳ, ಸ್ವಂತ ಮನೆ ಇರುವವರು ಮತ್ತೆ ಐಟಮೈಸ್ ಮಾಡುವ ಹಾಗಾಗಬಹುದು. ಒಂದು ಸಲ ಕೂಡಿ ನೋಡಿ. 2026ರಿಂದ ಐಟಮೈಸ್ ಮಾಡದವರಿಗೂ ದಾನಕ್ಕೆ ದಂಪತಿಗೆ 2,000 ಡಾಲರ್‌ವರೆಗೆ ಡಿಡಕ್ಷನ್ ಸಿಗುತ್ತದೆ ಅಂತ ಕೇಳಿರುತ್ತೀರಿ. ಅದು ದುಡ್ಡು ಕೊಟ್ಟರೆ ಮಾತ್ರ. ಕಾರಿಗೆ, ಬಟ್ಟೆ ಬರೆಗೆ ಇಲ್ಲ.

ಊರಲ್ಲಿರುವ ಅಣ್ಣನ ಹತ್ತಿರ ಇದನ್ನೆಲ್ಲ ಹೇಳಿದಾಗ ಅವನಿಗೆ ಆಶ್ಚರ್ಯವಾಯಿತು. "ವಸ್ತು ಕೊಟ್ರೂ ತೆರಿಗೆ ಬಿಡ್ತಾರಾ ಅಲ್ಲಿ?" ಅಂದ. ನಮ್ಮಲ್ಲಿ, ಭಾರತದಲ್ಲಿ, ದುಡ್ಡಿನ ರೂಪದಲ್ಲಿ ದಾನ ಕೊಟ್ಟರೆ ಮಾತ್ರ ತೆರಿಗೆ ವಿನಾಯಿತಿ. ಅದೂ ಕೈಯಲ್ಲಿ ನಗದು ಕೊಟ್ಟರೆ 2,000 ರೂಪಾಯಿವರೆಗೆ ಅಷ್ಟೇ. ಅಪ್ಪನ ಸೈಕಲ್ಲಿಗೆ ಯಾವ ರಸೀದಿಯೂ ಇರಲಿಲ್ಲ.

ಸೊನ್ನೆ ಅಂತ ಗೊತ್ತಾದ ಮೇಲೆ ನಮ್ಮನೆಯವರು ಕೇಳಿದರು, "ಹಾಗಾದ್ರೆ ಯಾಕೆ ಕೊಡಬೇಕು? ಮಾರಿ, ಆ ದುಡ್ಡು ದಾನ ಕೊಡೋಣ." ನ್ಯಾಯವಾದ ಪ್ರಶ್ನೆ. ಎಷ್ಟೋ ಸಲ ಅದೇ ಸರಿಯಾದ ದಾರಿ ಕೂಡ. ಮಾರಿದ ಹಣ ಪೂರ್ತಿ ಸಂಸ್ಥೆಗೆ ಹೋಗುತ್ತದೆ, ನಡುವೆ ಯಾರೂ ಇರುವುದಿಲ್ಲ. ಕೆಟ್ಟು ನಿಂತ ಗಾಡಿಯಾದರೆ ಹರಾಜಿಗೆ ಕೊಡುವುದೇ ಒಳ್ಳೆಯದು, ಅದರಿಂದ ರೇಡಿಯೋ ನಿಲಯಕ್ಕೋ ಮನೆ ಕಟ್ಟುವವರಿಗೋ ನಾಲ್ಕು ಕಾಸು ಬರುತ್ತದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನಮ್ಮ ಕೊರೊಲ್ಲಾ ಓಡುವ ಗಾಡಿ. ಓಡುವ ಗಾಡಿ ಓಡಬೇಕು ಅಂತ ನನ್ನ ಮನಸ್ಸಿನಲ್ಲಿತ್ತು. ಕಾರಿಲ್ಲದವರ ಕೈಗೆ ಕಾರೇ ಹೋಗುವ ದಾರಿ ಇದೆಯಾ ಅಂತ ಹುಡುಕಿದೆ.

ಇಲ್ಲಿ ಕಾರಿಲ್ಲದೆ ಬದುಕುವುದು ಎಷ್ಟು ಕಷ್ಟ ಅಂತ ಊರಲ್ಲಿರುವವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ತಿಪಟೂರಿನಲ್ಲಿ ಬಸ್ ತಪ್ಪಿದರೆ ಆಟೋ ಇದೆ, ಯಾರದೋ ಬೈಕಿನ ಹಿಂದಿನ ಸೀಟಿದೆ. ಇಲ್ಲಿ ಗೋದಾಮು, ಆಸ್ಪತ್ರೆ, ಅಂಗಡಿ ಎಲ್ಲ ಹೆದ್ದಾರಿ ಪಕ್ಕ ಚದುರಿಕೊಂಡಿವೆ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಎಷ್ಟೋ ಕಡೆ ಬಸ್ಸೇ ಇರುವುದಿಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬಾಕೆ ಮಗುವನ್ನು ಡೇಕೇರಿಗೆ ಬಿಟ್ಟು ಎರಡು ಬಸ್ ಬದಲಾಯಿಸಿ ಆಫೀಸಿಗೆ ಬರುತ್ತಿದ್ದಳು. ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಅವಳಿಗೆ ಒಂದೂಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಹಿಮ ಬಿದ್ದ ದಿನ ಅವಳು ಬರುವವರೆಗೆ ನನಗೆ ಕೆಲಸದಲ್ಲಿ ಮನಸ್ಸೇ ನಿಲ್ಲುತ್ತಿರಲಿಲ್ಲ.

ಹುಡುಕಿದಾಗ ನಮ್ಮ ಹತ್ತಿರದಲ್ಲೇ ಸಿಕ್ಕಿತು. ಬಾಲ್ಟಿಮೋರ್ ಪಕ್ಕದ ಹೇಲ್‌ಥಾರ್ಪಿನಲ್ಲಿ ವೆಹಿಕಲ್ಸ್ ಫಾರ್ ಚೇಂಜ್ ಅನ್ನುವ ಸಂಸ್ಥೆ ಇದೆ. 1999ರಿಂದ ನಡೆಯುತ್ತಿದೆ. ದಾನ ಬಂದ ಕಾರುಗಳನ್ನು ರಿಪೇರಿ ಮಾಡಿ, ದುಡಿದು ಬದುಕುವ ಆದರೆ ಕೈ ಸಾಲದ ಕುಟುಂಬಗಳಿಗೆ ತೀರಾ ಕಡಿಮೆ ಹಣಕ್ಕೆ ಕೊಡುತ್ತಾರೆ. ಅವರದೇ ಗ್ಯಾರೇಜಿದೆ. ಜೈಲಿನಿಂದ ಹೊರಬಂದವರಿಗೆ ಅಲ್ಲಿ ಮೆಕ್ಯಾನಿಕ್ ಕೆಲಸ ಕಲಿಸುತ್ತಾರೆ. ಒಂದು ಹಳೇ ಕಾರಿನಿಂದ ಒಬ್ಬರಿಗೆ ಕೆಲಸ ಕಲಿಯುವ ಅವಕಾಶ, ಇನ್ನೊಂದು ಮನೆಗೆ ಗಾಡಿ. ವರ್ಮಾಂಟಿನಲ್ಲಿ ಗುಡ್ ನ್ಯೂಸ್ ಗ್ಯಾರೇಜ್ ಅಂತ ಇದೆ. ಅವರು 1996ರಲ್ಲೇ ಇಂಥ ಕೆಲಸ ಶುರು ಮಾಡಿದ್ದು. ಕೊಟ್ಟ ಕಾರೆಲ್ಲ ಕುಟುಂಬಕ್ಕೇ ಹೋಗುತ್ತದೆ ಅಂತಲ್ಲ. ರಿಪೇರಿಗೆ ಬಾರದ್ದನ್ನು ಮಾರಿ ಆ ಹಣವನ್ನು ಕೆಲಸಕ್ಕೆ ಹಾಕುತ್ತಾರೆ. ಹಾಗಾಗಿ ನಮ್ಮ ಗಾಡಿ ಆ ಮಾರುವ ಸಾಲಿಗೆ ಸೇರದ ಹಾಗೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೂ ಸ್ವಲ್ಪ ಇತ್ತು.

ಕಾನೂನಿನಲ್ಲೂ ಇಂಥ ಕಡೆಗೆ ಒಂದು ಬಾಗಿಲು ತೆರೆದಿಟ್ಟಿದ್ದಾರೆ. ಸಂಸ್ಥೆ ಗಾಡಿಯನ್ನು ತಾನೇ ಗಣನೀಯವಾಗಿ ಬಳಸಿದರೆ, ದೊಡ್ಡ ರಿಪೇರಿ ಮಾಡಿದರೆ, ಅಥವಾ ಬಡವರಿಗೆ ತುಂಬ ಕಡಿಮೆ ಬೆಲೆಗೆ ಕೊಟ್ಟರೆ, ಆಗ ಹರಾಜಿನ ಬೆಲೆಯ ಮಿತಿ ಇಲ್ಲ. ಗಾಡಿಯ ನಿಜವಾದ ಮಾರುಕಟ್ಟೆ ಬೆಲೆಯನ್ನೇ ತೋರಿಸಬಹುದು. ಐಟಮೈಸ್ ಮಾಡುವವರು ಇದನ್ನು ನೆನಪಿಡಿ. ಒಳ್ಳೆಯ ಕೆಲಸವೂ ಆಗುತ್ತದೆ, ಡಿಡಕ್ಷನ್ನೂ ಹೆಚ್ಚು. ಆ ಬೆಲೆ 5,000 ಡಾಲರ್ ದಾಟಿದರೆ ಮಾತ್ರ ಅರ್ಹ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಬೇಕು.

ಆ ವರ್ಷದ ಆಯುಧಪೂಜೆಗೆ ಕೊರೊಲ್ಲಾಗೆ ಕೊನೇ ಸಲ ಹೂವು ಹಾಕಿದೆ. ನವೆಂಬರಿನಲ್ಲಿ ಕೊಡುವುದು ಅಂತ ನಿಶ್ಚಯವಾಯಿತು. ಡಿಸೆಂಬರಿನ ಧಾವಂತವೇ ಬೇಡ ಅನ್ನಿಸಿತ್ತು.

ಒಂದು ಶನಿವಾರ ಬೆಳಿಗ್ಗೆ ಇಬ್ಬರೂ ಕೂತೆವು. ಬಾನೆಟ್ ಎತ್ತಿದರೆ ಬ್ಯಾಟರಿಯ ಒಂದು ತುದಿಗೆ ಬಿಳಿ, ಹಸಿರು ಪುಡಿ ಕಟ್ಟಿಕೊಂಡಿತ್ತು. ಬ್ಯಾಟರಿಗೆ ಐದು ವರ್ಷ ಆಗಿತ್ತು. ಸ್ಟಾರ್ಟ್ ಆಗುತ್ತಿತ್ತು, ಆದರೆ ಒಂದು ಕ್ಷಣ ಯೋಚನೆ ಮಾಡಿ ಆಗುತ್ತಿತ್ತು. "ಹೊಸದು ಹಾಕೋಣ" ಅಂದೆ. ನಮ್ಮನೆಯವರು ನನ್ನ ಮುಖ ನೋಡಿದರು. ಸೈಕಲ್ಲಿನ ಕಥೆ ಅವರಿಗೆ ಗೊತ್ತು. ಏನೂ ಹೇಳದೆ ಕೀ ತೆಗೆದುಕೊಂಡು ಹೋಗಿ ಹೊಸ ಬ್ಯಾಟರಿ ತಂದರು. ಬೆರಳು ಮರಗಟ್ಟುವ ಚಳಿಯಲ್ಲಿ ನಟ್ಟು ಬಿಚ್ಚಿದರು. ನಾನು ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಆ ಪುಡಿಯನ್ನೆಲ್ಲ ತಿಕ್ಕಿದೆ. ತಾಮ್ರದ ತಂತಿ ಹೊಳೆಯಿತು. ಕೀ ತಿರುಗಿಸಿದ ಕೂಡಲೇ ಗಾಡಿ ಎದ್ದಿತು.

ಆಮೇಲೆ ಒಳಗೆಲ್ಲ ಖಾಲಿ ಮಾಡಿದೆವು. ಸೀಟಿನ ಕೆಳಗೆ ಮಗಳ ಎರಡು ಕ್ಲಿಪ್ಪು ಸಿಕ್ಕಿತು. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಅಮ್ಮ ಇಟ್ಟಿದ್ದ ಕುಂಕುಮದ ಪೊಟ್ಟಣ, ಗಟ್ಟಿಯಾಗಿಹೋಗಿತ್ತು. ಟೋಲಿನ ಈಜಿ-ಪಾಸ್ ತೆಗೆದೆವು. ಮನೆ ವಿಳಾಸ ಇದ್ದ ಕಾಗದ, ಗ್ಯಾರೇಜ್ ಬಾಗಿಲಿನ ರಿಮೋಟ್ ತೆಗೆದೆವು. ಕಾರು ಕೊಡುವವರು ಇವನ್ನು ಮರೆಯಬೇಡಿ. ಡ್ಯಾಶ್‌ಬೋರ್ಡಿನ ಮೇಲಿದ್ದ ಪುಟ್ಟ ಗಣಪತಿಯನ್ನು ನಿಧಾನವಾಗಿ ಎತ್ತಿದೆ. ಹದಿನೈದು ವರ್ಷದ ಅಂಟು. ಅವನು ಬಂದ, ಅಂಟಿನ ದುಂಡಗಿನ ಗುರುತು ಮಾತ್ರ ಹೋಗಲಿಲ್ಲ. ಎಷ್ಟು ಉಜ್ಜಿದರೂ ಹೋಗಲಿಲ್ಲ. ಇರಲಿ ಅಂತ ಬಿಟ್ಟೆ.

ನಂಬರ್ ಪ್ಲೇಟ್ ಬಿಚ್ಚುವುದೇ ಒಂದು ಕೆಲಸವಾಯಿತು. ಇಲ್ಲಿ ಅದಕ್ಕೆ ಟ್ಯಾಗ್ ಅನ್ನುತ್ತಾರೆ. ಮೇರಿಲ್ಯಾಂಡಿನಲ್ಲಿ ಟ್ಯಾಗ್ ಗಾಡಿಯ ಜೊತೆ ಹೋಗುವುದಿಲ್ಲ, ಮಾಲೀಕರೇ ಬಿಚ್ಚಿ ಎಂವಿಎಗೆ, ಅಂದರೆ ರಾಜ್ಯದ ವಾಹನ ನೋಂದಣಿ ಇಲಾಖೆಗೆ, ಹಿಂತಿರುಗಿಸಬೇಕು. ಹಿಂತಿರುಗಿಸಿದ ಮೇಲೆಯೇ ವಿಮೆ ನಿಲ್ಲಿಸಬೇಕು. 2016ರಲ್ಲಿ ನಾನು ವಿಮೆ ಮೊದಲು ನಿಲ್ಲಿಸಿ ದಂಡ ಕಟ್ಟಿದ್ದೆ. ಹಿಂದಿನ ಪ್ಲೇಟಿನ ಒಂದು ಸ್ಕ್ರೂ ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದು, ಆಮೇಲೆ ತಿರುಗಿಸಿದರು. ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ಯಾವುದನ್ನೂ ಬಿಡುವುದಿಲ್ಲ.

ಟೈಟಲಿಗೆ ಸಹಿ ಹಾಕುವಾಗ ಮಾತ್ರ ನನ್ನ ಕೈ ಸ್ವಲ್ಪ ತಡೆಯಿತು. ನಮ್ಮಿಬ್ಬರ ಹೆಸರೂ ಇತ್ತು, ಇಬ್ಬರೂ ಹಾಕಬೇಕು. ಮಗಳು ಆವತ್ತು ಕಾಲೇಜಿನಿಂದ ವಿಡಿಯೋ ಕಾಲ್ ಮಾಡಿದ್ದಳು. ಫೋನನ್ನು ಗಾಡಿಯ ಕಡೆ ತಿರುಗಿಸು ಅಂದಳು. ಟ್ರಕ್ಕಿನವನು ಬಂದ. ಈ ಸಲ ಅವನೇ ಗಾಡಿಯಲ್ಲಿ ಕೂತು ಸ್ಟಾರ್ಟ್ ಮಾಡಿ ತಾನೇ ಟ್ರಕ್ ಮೇಲೆ ಹತ್ತಿಸಿದ. ಹಾಳೆಯ ಮೇಲೆ ಆ ಚೌಕ ಹುಡುಕಿದೆ. 'ಸ್ಟಾರ್ಟ್ ಆಗುತ್ತದೆ, ಓಡುತ್ತದೆ' ಅಂತ ಗುರುತು ಹಾಕಿದ್ದ. ಆ ಹಾಳೆಯ ಫೋಟೋ ತೆಗೆದು ಇಟ್ಟುಕೊಂಡೆ.

ಡಿಸೆಂಬರಿನಲ್ಲಿ 1098-ಸಿ ಬಂತು. ಕಾರು ಹರಾಜಾಗದಿದ್ದರೆ, ಕೊಟ್ಟ 30 ದಿನದೊಳಗೆ ಈ ಕಾಗದ ಬರಬೇಕು. ಹರಾಜಾದರೆ ಮಾರಿದ ದಿನದಿಂದ 30 ದಿನ. ನೀವು 500ಕ್ಕಿಂತ ಹೆಚ್ಚು ಡಿಡಕ್ಷನ್ ಕೇಳುವವರಾದರೆ ಇದಿಲ್ಲದೆ ರಿಟರ್ನ್ ಸಲ್ಲಿಸಬೇಡಿ, ಬರದಿದ್ದರೆ ಕೇಳಿ ತರಿಸಿಕೊಳ್ಳಿ. ನಾನು ಕವರ್ ಒಡೆದು ಮೊದಲು 4ಸಿ ನೋಡಿದೆ. ಖಾಲಿ. ಅದರ ಕೆಳಗೆ 5ಬಿ ಚೌಕ. ಈ ಗಾಡಿಯನ್ನು ಅಗತ್ಯವಿರುವ ವ್ಯಕ್ತಿಗೆ ಮಾರುಕಟ್ಟೆ ಬೆಲೆಗಿಂತ ತುಂಬ ಕಡಿಮೆಗೆ ಕೊಡಲಾಗುವುದು ಅಂತ ಸಂಸ್ಥೆ ಖಾತರಿ ಕೊಡುವ ಚೌಕ. ಅದರಲ್ಲಿ ಒಂದು ಗುರುತು ಇತ್ತು. ಆ ಚಿಕ್ಕ ಗುರುತನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ನಮ್ಮ ರಿಟರ್ನಿಗೆ ಆ ಕಾಗದದ ಕೆಲಸವೇ ಇರಲಿಲ್ಲ. ಟೈಟಲಿನ ನಕಲು, ಬ್ಯಾಟರಿಯ ಬಿಲ್ಲಿನ ಜೊತೆ ಒಂದು ಫೈಲಿನಲ್ಲಿ ಇಟ್ಟೆ.

ಆ ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ. ಈಗ ಅವರಿಗೆ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಜೋರಾಗಿ ಎಲ್ಲ ಹೇಳಿದೆ. ಕಾರು ಕೊಟ್ಟಿದ್ದು, ಹೊಸ ಬ್ಯಾಟರಿ ಹಾಕಿಸಿದ್ದು, 5ಬಿ ಗುರುತು. ಸುಮ್ಮನೆ ಕೇಳಿಸಿಕೊಂಡರು.

"ಸ್ಟೆಪ್ನಿಗೆ ಗಾಳಿ ಇತ್ತೇನಮ್ಮ?" ಅಂದರು.

ನಾನು ಡಿಕ್ಕಿ ಖಾಲಿ ಮಾಡಿದ್ದೆ, ಒರೆಸಿದ್ದೆ. ಅದರ ಕೆಳಗಿನ ಹಲಗೆ ಎತ್ತಿ ಸ್ಟೆಪ್ನಿ ನೋಡಿರಲಿಲ್ಲ.